ಉಳಿದುಹೋದ ಆರ್ಗ್ಯಾನಿಕ್ ಕೆಮಿಸ್ಟ್ರಿಯನ್ನು ಆನ್‌ಲೈನ್‌ನಲ್ಲಿ ಮತ್ತೆ ಓದಬೇಕಾ?

ಪ್ರಶ್ನೆ: ನಾನು ತೀರ್ಥಹಳ್ಳಿ ಹತ್ತಿರದ ಹಳ್ಳಿಯವಳು. ಶಿವಮೊಗ್ಗದಲ್ಲಿ ಬಿಎಸ್ಸಿ ಓದುತ್ತಿದ್ದೇನೆ. ಎರಡನೇ ವರ್ಷದ ಕೆಮಿಸ್ಟ್ರಿ ಪೇಪರ್ ಉಳಿದುಕೊಂಡಿದೆ. ಅದರಲ್ಲೂ ಆರ್ಗ್ಯಾನಿಕ್ ಭಾಗ ತಲೆಗೇ ಹತ್ತುತ್ತಿಲ್ಲ. ಪ್ರಾಕ್ಟಿಕಲ್ ಪಾಸಾಗಿದೆ. ಅದೇ ಕೋರ್ಸನ್ನು ಆನ್‌ಲೈನ್‌ನಲ್ಲಿ ಮತ್ತೆ ಮಾಡಲಾ, ಇಲ್ಲ ಸುಮ್ನೆ ಗೈಡ್ ಓದಿಕೊಂಡು ಪರೀಕ್ಷೆಗೆ ಕೂರಲಾ?

ಉತ್ತರ: ಪಾಠ ಕೇಳುವುದಕ್ಕೆ ಆನ್‌ಲೈನ್ ಕೋರ್ಸ್ ಧಾರಾಳವಾಗಿ ಬಳಸಿ. ಪೇಪರ್ ಮಾತ್ರ ನಿಮ್ಮ ಯೂನಿವರ್ಸಿಟಿಯ ಪರೀಕ್ಷೆ ಬರೆದೇ ಪಾಸು ಮಾಡಿಕೊಳ್ಳಿ. ಈ ಎರಡನ್ನೂ ಒಂದೇ ಅಂದುಕೊಂಡು ಪ್ರತಿ ವರ್ಷ ಎಷ್ಟೋ ಮಕ್ಕಳು ಒಂದು ಸೆಮಿಸ್ಟರ್ ಕಳೆದುಕೊಳ್ಳುತ್ತಾರೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಕೋರ್ಸನ್ನು ಆನ್‌ಲೈನ್‌ನಲ್ಲಿ ಮತ್ತೆ ಮಾಡುವ ಬಗ್ಗೆ ತುಂಬಾ ಬರಹ ಸಿಗುತ್ತವೆ. ಹೆಚ್ಚಿನವು ಅಮೆರಿಕದ ವಿದ್ಯಾರ್ಥಿಗಳಿಗಾಗಿ ಬರೆದವು. ಅಲ್ಲಿ ಒಂದು ಕೋರ್ಸನ್ನು ಬೇರೆ ಕಾಲೇಜಿನಲ್ಲಿ ಓದಿ, ಅದರ ಕ್ರೆಡಿಟ್ಟನ್ನು ತಮ್ಮ ಕಾಲೇಜಿಗೆ ತರುವ ದಾರಿ ಹಲವು ಕಡೆ ಇದೆ. ನಮ್ಮಲ್ಲಿ ವ್ಯವಸ್ಥೆ ಬೇರೆ. ಕುವೆಂಪು ವಿಶ್ವವಿದ್ಯಾಲಯದಂಥ ಕಡೆ ಪೇಪರ್ ಉಳಿದರೆ ಸಾಮಾನ್ಯವಾಗಿ ಮತ್ತೆ ತರಗತಿಯಲ್ಲಿ ಕೂರಬೇಕಿಲ್ಲ. ರಿಪೀಟರ್ ಆಗಿ ಫೀ ಕಟ್ಟಿ ಆ ಪೇಪರ್ ಬರೆದರಾಯಿತು. ಇದು ಅನುಕೂಲವೂ ಹೌದು, ತೊಂದರೆಯೂ ಹೌದು. ಪಾಠ ಅರ್ಥವಾಗದೆ ಉಳಿದ ಪೇಪರಿಗೆ ಎರಡನೇ ಸಲ ಪಾಠ ಮಾಡುವವರು ಯಾರೂ ಇರುವುದಿಲ್ಲ. ಆ ಖಾಲಿ ಜಾಗ ತುಂಬುವುದಕ್ಕೆ ಆನ್‌ಲೈನ್ ಕೋರ್ಸ್ ನಿಜಕ್ಕೂ ಒಳ್ಳೆಯದು.

ಹಾಗಾದರೆ ಸ್ವಯಂ ಸರ್ಟಿಫಿಕೇಟ್ ತಂದರೆ ಪೇಪರ್ ಕ್ಲಿಯರ್ ಆಗಲ್ವಾ? ಸುಮ್ಮನೆ ಆಗುವುದಿಲ್ಲ. ಸ್ವಯಂ ಕೇಂದ್ರ ಸರ್ಕಾರ 2017ರಲ್ಲಿ ಶುರು ಮಾಡಿದ ವೇದಿಕೆ. ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ 2003ರಿಂದ ನಡೆಸುತ್ತಿರುವ ಎನ್‌ಪಿಟೆಲ್ ಕೋರ್ಸ್‌ಗಳೂ ಅಲ್ಲೇ ಸಿಗುತ್ತವೆ. ಯುಜಿಸಿಯ 2021ರ ನಿಯಮದಂತೆ ಒಂದು ಸೆಮಿಸ್ಟರಿನ ಕೋರ್ಸ್‌ಗಳಲ್ಲಿ ಶೇ. 40ರವರೆಗೆ ಸ್ವಯಂನಲ್ಲಿ ಮಾಡಲು ವಿದ್ಯಾರ್ಥಿಗಳಿಗೆ ಅವಕಾಶ ಕೊಡಬಹುದು. ಆದರೆ ಯಾವ ಕೋರ್ಸ್ ಯಾವ ಪೇಪರಿನ ಬದಲಿಗೆ ನಡೆಯುತ್ತದೆ ಅಂತ ಒಪ್ಪಬೇಕಾದದ್ದು ನಿಮ್ಮ ವಿಶ್ವವಿದ್ಯಾಲಯ. ಆ ಒಪ್ಪಿಗೆ ನೀವು ಸೇರುವ ಮೊದಲೇ ಇರಬೇಕು. ಆಮೇಲೆ ಸರ್ಟಿಫಿಕೇಟ್ ಹಿಡಿದು ಆಫೀಸಿಗೆ ಹೋದರೆ ಬರಿಗೈಲಿ ಬರುವ ಸಾಧ್ಯತೆಯೇ ಜಾಸ್ತಿ. ಕಾಲೇಜಿನ ಕೆಮಿಸ್ಟ್ರಿ ಎಚ್‌ಒಡಿ ಅವರನ್ನೋ, ಸ್ವಯಂ ನೋಡಿಕೊಳ್ಳುವ ಮೇಷ್ಟ್ರನ್ನೋ ಕಂಡು, 'ಉಳಿದ ಪೇಪರಿಗೆ ಬದಲಾಗಿ ಈ ಕೋರ್ಸ್ ಒಪ್ಪುತ್ತೀರಾ ಸರ್' ಅಂತ ನೇರವಾಗಿ ಕೇಳಿ. ಹೌದು ಅಂದರೆ ಬರಹದಲ್ಲಿ ತೆಗೆದುಕೊಳ್ಳಿ. ಬಾಯಿಮಾತು ಸಾಲದು.

ಈಗ ನಿಜವಾದ ವಿಷಯಕ್ಕೆ ಬರೋಣ. ಪೇಪರ್ ಯಾಕೆ ಹೋಯಿತು ಅನ್ನುವುದು ಗೊತ್ತಾಗದೆ ಯಾವ ಕೋರ್ಸಿಗೂ ಸೇರಬೇಡಿ. ಉತ್ತರ ಪತ್ರಿಕೆಯ ಜೆರಾಕ್ಸ್ ಪಡೆಯುವ ಅವಕಾಶ ಇದ್ದರೆ ಆ ಫೀ ಕಟ್ಟಿ ತರಿಸಿ. ನನ್ನ ಪ್ರಕಾರ ಗೈಡ್‌ಗೆ ಕೊಡುವ ದುಡ್ಡಿಗಿಂತ ಅದು ಸಾರ್ಥಕ. ಅದು ಸಿಗದಿದ್ದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿಕೊಳ್ಳಿ. ಪುಸ್ತಕ ಮುಚ್ಚಿಡಿ. ಬ್ರೋಮಿನ್ ಹೋಗಿ ಆ ಜಾಗಕ್ಕೆ ಇನ್ನೊಂದು ಗುಂಪು ಬರುವಾಗ ಮೀಥೈಲ್ ಬ್ರೋಮೈಡ್ ಎಸ್‌ಎನ್2 (ಒಂದೇ ಹೆಜ್ಜೆಯ) ದಾರಿ ಹಿಡಿಯುತ್ತದೆ, ಟರ್ಷಿಯರಿ ಬ್ಯೂಟೈಲ್ ಬ್ರೋಮೈಡ್ ಎಸ್‌ಎನ್1 (ಎರಡು ಹೆಜ್ಜೆಯ) ದಾರಿ ಹಿಡಿಯುತ್ತದೆ. ಯಾಕೆ? ನಿಮ್ಮ ಮಾತಿನಲ್ಲಿ, ಕನ್ನಡದಲ್ಲೇ ಆಗಲಿ, ಹಾಳೆಯ ಮೇಲೆ ಬರೆಯಿರಿ.

ಸುಮಾರು ಹೀಗೆ ಬರೆದಿದ್ದರೆ ನಿಮಗೆ ವಿಷಯ ಗೊತ್ತಿದೆ: ಮೀಥೈಲ್ ಬ್ರೋಮೈಡ್‌ನ ಕಾರ್ಬನ್ ಸುತ್ತ ಬರೀ ಸಣ್ಣ ಹೈಡ್ರೋಜನ್‌ಗಳಿವೆ. ಒಳಗೆ ಬರಬೇಕಾದ ಗುಂಪು, ಉದಾಹರಣೆಗೆ ಹೈಡ್ರಾಕ್ಸೈಡ್, ಬ್ರೋಮಿನ್‌ನ ಎದುರು ಬದಿಯಿಂದ ಬಂದು ನೇರವಾಗಿ ಕಾರ್ಬನ್ನಿಗೆ ಸೇರಬಹುದು. ಅದು ಸೇರುತ್ತಿದ್ದಂತೆಯೇ ಬ್ರೋಮೈಡ್ ಬಿಟ್ಟು ಹೋಗುತ್ತದೆ. ಟರ್ಷಿಯರಿ ಬ್ಯೂಟೈಲ್‌ನಲ್ಲಿ ಮೂರು ಮೀಥೈಲ್ ಗುಂಪುಗಳು ಆ ಬದಿಗೆ ಅಡ್ಡ ನಿಂತಿವೆ. ಹಾಗಾಗಿ ಬ್ರೋಮೈಡ್ ಮೊದಲು ಬಿಟ್ಟು ಹೋಗಬೇಕು. ಆಗ ಉಳಿಯುವ ಕಾರ್ಬೊಕ್ಯಾಟಯಾನಿನ (ಎಲೆಕ್ಟ್ರಾನ್ ಕೊರತೆಯಿರುವ ಕಾರ್ಬನ್ ಅಯಾನಿನ) ಪಾಸಿಟಿವ್ ಚಾರ್ಜನ್ನು ಅದೇ ಮೂರು ಮೀಥೈಲ್ ಗುಂಪುಗಳು ಎಲೆಕ್ಟ್ರಾನ್ ಕೊಟ್ಟು ತಡೆದುಕೊಳ್ಳುತ್ತವೆ. ಅಂದರೆ ಒಂದು ದಾರಿಗೆ ಅಡ್ಡಿಯಾದವೇ ಇನ್ನೊಂದು ದಾರಿಗೆ ನೆರವಾಗುತ್ತವೆ.

ಇದನ್ನು ಬರೆಯಲು ಬಂತು, ಆದರೂ ಪರೀಕ್ಷೆಯಲ್ಲಿ ಮಾರ್ಕ್ಸ್ ಬರಲಿಲ್ಲ ಅಂದರೆ ತೊಂದರೆ ಇರುವುದು ಬರವಣಿಗೆಯಲ್ಲಿ, ಸಮಯ ಹೊಂದಿಸುವುದರಲ್ಲಿ, ಇಂಗ್ಲಿಷ್‌ನಲ್ಲಿ. ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಮ್ಮ ಕಡೆಯ ಮಕ್ಕಳಿಗೆ ಇದು ತುಂಬಾ ಸಾಮಾನ್ಯ. ಇವರಿಗೆ ಇಡೀ ಆನ್‌ಲೈನ್ ಕೋರ್ಸ್ ಬೇಡ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬರೆದು, ಪರಿಚಯದ ಮೇಷ್ಟ್ರಿಗೆ ತೋರಿಸಿದರೆ ಸಾಕು.

ಬರೆಯಲು ಬರಲಿಲ್ಲ ಅಂದರೆ ಕೊರತೆ ಈ ಪೇಪರಿನಲ್ಲಿಲ್ಲ. ಪಿಯುಸಿಯಲ್ಲಿ ಬಂದು ಹೋದ ಇಂಡಕ್ಟಿವ್ ಎಫೆಕ್ಟ್, ರೆಸೊನೆನ್ಸ್, ಹೈಪರ್‌ಕಾಂಜುಗೇಶನ್, ಅಂದರೆ ಅಣುವಿನೊಳಗೆ ಎಲೆಕ್ಟ್ರಾನ್ ಹೇಗೆ ಹಂಚಿಹೋಗುತ್ತದೆ ಅನ್ನುವ ಪಾಠಗಳು ಗಟ್ಟಿಯಾಗಿಲ್ಲ ಅಂತ ಅರ್ಥ. ಆನ್‌ಲೈನ್ ಕೋರ್ಸ್ ನಿಜವಾಗಿ ಬೇಕಾದವರು ಇವರು. ನೀವು 'ತಲೆಗೇ ಹತ್ತುತ್ತಿಲ್ಲ' ಅಂದಿದ್ದು ನೋಡಿದರೆ ನೀವೂ ಇಲ್ಲೇ ಇದ್ದೀರಿ ಅನ್ನಿಸುತ್ತದೆ. ಇದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಮೆಕ್ಯಾನಿಸಂಗಳನ್ನು (ಕ್ರಿಯೆ ಹೆಜ್ಜೆ ಹೆಜ್ಜೆಯಾಗಿ ನಡೆಯುವ ಬಗೆಯನ್ನು) ಬಾಯಿಪಾಠ ಮಾಡಿಸಿಬಿಟ್ಟರೆ ಆರ್ಗ್ಯಾನಿಕ್ ಯಾರ ತಲೆಗೂ ಹತ್ತುವುದಿಲ್ಲ. ಅಲ್ಲಿರುವುದು ಒಂದೇ ಕಥೆ: ಎಲೆಕ್ಟ್ರಾನ್ ಎಲ್ಲಿ ಜಾಸ್ತಿ ಇದೆ, ಎಲ್ಲಿ ಕಡಿಮೆ ಇದೆ. ಎಲೆಕ್ಟ್ರಾನ್ ಸಾಗುವ ದಾರಿ ತೋರಿಸಲು ಎಳೆಯುವ ಬಾಣ ಯಾವಾಗಲೂ ಎಲೆಕ್ಟ್ರಾನ್ ಇರುವ ಕಡೆಯಿಂದ ಹೊರಡಬೇಕು. ಹೈಡ್ರೋಜನ್ ಅಯಾನಿನಿಂದ ಆಕ್ಸಿಜನ್ ಕಡೆಗೆ ಬಾಣ ಎಳೆಯುವ ತಪ್ಪನ್ನು ಎಷ್ಟೋ ಉತ್ತರ ಪತ್ರಿಕೆಗಳಲ್ಲಿ ಕಾಣಬಹುದು. ಆ ಅಯಾನಿನಲ್ಲಿ ಕೊಡಲು ಎಲೆಕ್ಟ್ರಾನೇ ಇಲ್ಲವಲ್ಲ. ಇದೊಂದು ತಿದ್ದಿಕೊಂಡರೂ ಅರ್ಧ ಪುಸ್ತಕ ಬೇರೆಯಾಗಿ ಕಾಣತೊಡಗುತ್ತದೆ.

ಕೋರ್ಸ್ ಹೇಗೆ ನಡೆಯುತ್ತದೆ ನೋಡಿ. ಎನ್‌ಪಿಟೆಲ್‌ನಲ್ಲಿ ಸೇರುವುದು ಪುಕ್ಕಟೆ. ಸಾಮಾನ್ಯವಾಗಿ 12 ವಾರದ ಕೋರ್ಸ್, ವಾರಕ್ಕೊಂದು ಅಸೈನ್‌ಮೆಂಟ್. ಸರ್ಟಿಫಿಕೇಟ್ ಬೇಕಿದ್ದರೆ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಅದಕ್ಕೆ ಕೋರ್ಸಿಗೆ 1,000 ರೂಪಾಯಿ ಫೀ. ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75 ಅಂಕ. ಪರೀಕ್ಷೆ ಹೆಚ್ಚಾಗಿ ಕಂಪ್ಯೂಟರ್ ಮುಂದೆ ಕೂತು ಸರಿಯುತ್ತರ ಆರಿಸುವ ಥರದ್ದು. ನಿಮ್ಮ ಯೂನಿವರ್ಸಿಟಿ ಪೇಪರಿನಲ್ಲಿ ಮೆಕ್ಯಾನಿಸಂ ಬಿಡಿಸಿ ಬರೆಯಬೇಕು, ರಚನೆ ಎಳೆಯಬೇಕು. ಆನ್‌ಲೈನ್‌ನಲ್ಲಿ ಒಳ್ಳೆಯ ಅಂಕ ತೆಗೆದವರೂ ಇಲ್ಲಿ ಕೈ ಓಡದೆ ಒದ್ದಾಡುವುದು ಇದಕ್ಕೇ. ಆದ್ದರಿಂದ ವಿಡಿಯೋ ನೋಡುವಾಗ ಪಕ್ಕದಲ್ಲಿ ನೋಟ್‌ಬುಕ್ ಇರಲೇಬೇಕು. ಮೇಷ್ಟ್ರು ಬೋರ್ಡಿನ ಮೇಲೆ ಬರೆಯುವ ಮೊದಲು ನಿಲ್ಲಿಸಿ, ಮುಂದಿನ ಹೆಜ್ಜೆ ನೀವೇ ಬರೆಯಿರಿ. ಆಮೇಲೆ ಹೊಂದಿಸಿ ನೋಡಿ. ಸ್ಟೀರಿಯೋಕೆಮಿಸ್ಟ್ರಿಗೆ (ಅಣುವಿನ ಮೂರು ಆಯಾಮದ ಆಕಾರದ ಪಾಠಕ್ಕೆ) ಬಂದಾಗ ಪೊರಕೆ ಕಡ್ಡಿ ತುಂಡು, ಚಪಾತಿ ಹಿಟ್ಟಿನ ಉಂಡೆ ತೆಗೆದುಕೊಂಡು ಅಣುವಿನ ಮಾದರಿ ಮಾಡಿ ತಿರುಗಿಸಿ ನೋಡಿ. ಕೆಲವು ಅಣುಗಳೂ ಕನ್ನಡಿಯಲ್ಲಿ ಕಾಣುವ ಅವುಗಳ ರೂಪವೂ ಯಾಕೆ ಒಂದರ ಮೇಲೊಂದು ಕೂರುವುದಿಲ್ಲ ಅನ್ನುವುದು ಕೈಗೆ ಬಂದ ಮೇಲೆ ಮರೆಯುವುದಿಲ್ಲ.

ಮಲೆನಾಡಿನವರಿಗೆ ಇನ್ನೊಂದು ಲೆಕ್ಕ ಇದೆ. ಎನ್‌ಪಿಟೆಲ್ ಕೋರ್ಸ್‌ಗಳು ವರ್ಷಕ್ಕೆ ಎರಡು ಸಲ, ಜನವರಿಯಲ್ಲಿ ಮತ್ತು ಜುಲೈಯಲ್ಲಿ ಶುರುವಾಗುತ್ತವೆ. ಜುಲೈ ಅಂದರೆ ನಮ್ಮಲ್ಲಿ ಜಡಿಮಳೆ. ನಿಮ್ಮ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಅದರಲ್ಲಿ ದೊಡ್ಡ ಪಾಲು ಜೂನ್‌ನಿಂದ ಆಗಸ್ಟ್‌ವರೆಗೆ. ಮರ ಬಿದ್ದು ಕರೆಂಟ್ ಹೋದರೆ, ಟವರಿನ ಬ್ಯಾಟರಿ ಮುಗಿದ ಮೇಲೆ ಸಿಗ್ನಲ್ಲೂ ಇರುವುದಿಲ್ಲ. ವಾರದ ಅಸೈನ್‌ಮೆಂಟಿನ ಗಡುವು ನಿಮ್ಮ ಊರಿನ ಕರೆಂಟ್ ಲೈನ್ ಸರಿಯಾಗುವವರೆಗೆ ಕಾಯುವುದಿಲ್ಲ. ಆ ಕೋರ್ಸಿನ ಪರೀಕ್ಷೆ ಬರುವ ಹೊತ್ತಿಗೆ ಮನೆಯಲ್ಲಿ ಅಡಿಕೆ ಕೊಯ್ಲು ಶುರುವಾಗಿರುತ್ತದೆ. ಸುಲಿಯುವುದು, ಬೇಯಿಸುವುದು, ಒಣಗಿಸುವುದು ಅಂತ ಮನೆಮಂದಿಯೆಲ್ಲ ಅದರಲ್ಲೇ ಇರುತ್ತಾರೆ. ಮಗಳೊಬ್ಬಳೇ ಮೊಬೈಲ್ ಹಿಡಿದು ಕೂತರೆ ಅಪ್ಪ ಅಮ್ಮನಿಗೆ ಅದು ಓದು ಅನ್ನಿಸುವುದೂ ಕಷ್ಟ. ಮೊದಲೇ ಹೇಳಿ, ದಿನಕ್ಕೆ ಇಷ್ಟು ಹೊತ್ತು ನನ್ನದು ಅಂತ ಕೇಳಿ ಪಡೆದುಕೊಳ್ಳಿ.

ಶಿವಮೊಗ್ಗದಲ್ಲೇ ಹಾಸ್ಟೆಲಿನಲ್ಲಿದ್ದರೆ ಜುಲೈ ಕೋರ್ಸ್ ತೊಂದರೆಯಿಲ್ಲ. ಊರಿಂದ ಬಸ್ಸಿನಲ್ಲಿ ಓಡಾಡುವವರಾದರೆ ಗಡುವಿರುವ ಕೋರ್ಸ್ ನಿಮಗೆ ಬೇಡ ಅನ್ನುತ್ತೇನೆ. ಹಳೆಯ ಕೋರ್ಸ್‌ಗಳ ವಿಡಿಯೋಗಳು ಎನ್‌ಪಿಟೆಲ್‌ನ ತಾಣದಲ್ಲೂ ಯೂಟ್ಯೂಬ್‌ನಲ್ಲೂ ಪುಕ್ಕಟೆ ಇವೆ. ಪಾಠ ಅದೇ, ಗಡುವಿನ ಕಾಟ ಇಲ್ಲ. ಸಂಜೆ ಬಸ್ ಹತ್ತುವ ಮೊದಲು ಶಿವಮೊಗ್ಗದಲ್ಲೇ ಎರಡು ಪಾಠ ಮೊಬೈಲಿಗೆ ಇಳಿಸಿಕೊಳ್ಳಿ. ನಿಮ್ಮ ಸಿಲಬಸ್ ಪಕ್ಕದಲ್ಲಿಟ್ಟುಕೊಂಡು ಬೇಕಾದ ಘಟಕಗಳನ್ನು ಮಾತ್ರ ಆರಿಸಿ. ಐಐಟಿಯ ಕೋರ್ಸ್ ನಿಮ್ಮ ಪೇಪರಿಗಿಂತ ಆಳಕ್ಕೆ ಹೋಗುತ್ತದೆ. ಎಲ್ಲವನ್ನೂ ನೋಡಲು ಹೊರಟರೆ ಪರೀಕ್ಷೆಗೆ ಬೇಕಾದದ್ದೇ ಉಳಿದುಹೋಗುತ್ತದೆ.

ಎಷ್ಟು ಆಳಕ್ಕೆ ಹೋಗಬೇಕು ಅನ್ನುವುದು ಮುಂದೆ ಏನು ಮಾಡುತ್ತೀರಿ ಅನ್ನುವುದರ ಮೇಲಿದೆ. ಕೆಮಿಸ್ಟ್ರಿಯಲ್ಲೇ ಎಂಎಸ್ಸಿ ಮಾಡುವ, ಅದಕ್ಕೆ ಐಐಟಿಗಳ ಪ್ರವೇಶ ಪರೀಕ್ಷೆಯಾದ ಜಾಮ್ ಬರೆಯುವ ಆಸೆ ಇದ್ದರೆ ಬರೀ ಪಾಸಾಗುವುದು ಸಾಲದು. ಅಲ್ಲಿ ಆರ್ಗ್ಯಾನಿಕ್ ಮತ್ತೆ ಎದುರಾಗುತ್ತದೆ. ಅಂಥವರು ಇಡೀ 12 ವಾರದ ಪಾಠ ಕೇಳಲಿ. ಬಿಎಡ್ ಮಾಡಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಯೋಚನೆ ಇದ್ದರೂ ಬುನಾದಿಯ ಪಾಠಗಳನ್ನು ಬಿಡಬೇಡಿ. ಬ್ಯಾಂಕ್ ಪರೀಕ್ಷೆ, ಕೆಎಎಸ್ ಕಡೆ ಹೋಗುವವರು ಪೇಪರ್ ಪಾಸು ಮಾಡಿಕೊಂಡು ಮುಂದೆ ಸಾಗಬಹುದು, ಅದರಲ್ಲಿ ತಪ್ಪೇನಿಲ್ಲ. ದುಡ್ಡು ಕೊಟ್ಟು ಕೊಳ್ಳುವ ಆ್ಯಪ್‌ಗಳ ಪಾಠ ಮಾತ್ರ ಈ ಹಂತದಲ್ಲಿ ಯಾರಿಗೂ ಬೇಕಿಲ್ಲ.

ಪರೀಕ್ಷೆಯ ಅರ್ಜಿಯ ಬಗ್ಗೆ ಎರಡು ಮಾತು. ರಾಜ್ಯದಲ್ಲಿ 2021-22ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಪಠ್ಯ ಬಂತು, 2024-25ರಿಂದ ಅದನ್ನು ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿದರು. ಹಾಗಾಗಿ ಜೂನಿಯರ್‌ಗಳ ನೋಟ್ಸ್, ಪ್ರಶ್ನೆಪತ್ರಿಕೆ ಇಸಿದುಕೊಳ್ಳುವಾಗ ಅದು ನಿಮ್ಮ ಸ್ಕೀಮಿನದ್ದೇ ಅಂತ ನೋಡಿಕೊಳ್ಳಿ. ಉಳಿದ ಪೇಪರಿನ ಪರೀಕ್ಷೆ ಮುಂದೆ ಯಾವಾಗ ಬರುತ್ತದೆ, ಫೀ ಕಟ್ಟುವ ಕೊನೆಯ ದಿನ ಯಾವುದು ಅಂತ ಪರೀಕ್ಷಾ ವಿಭಾಗದಲ್ಲಿ ಇದೇ ವಾರ ಕೇಳಿ. ಪ್ರಾಕ್ಟಿಕಲ್ ಪಾಸಾಗಿದೆ ಅಂದಿರಲ್ಲ, ಅದು ಮಾರ್ಕ್ಸ್ ಕಾರ್ಡಿನಲ್ಲಿ ಬೇರೆಯಾಗಿ ಪಾಸ್ ಅಂತ ಬಂದಿದೆಯಾ ಅಂತಲೂ ಅಲ್ಲೇ ಖಾತ್ರಿ ಮಾಡಿಕೊಳ್ಳಿ. ಬಂದಿದ್ದರೆ ಥಿಯರಿಯೊಂದಕ್ಕೇ ಅರ್ಜಿ ಹಾಕಿದರೆ ಸಾಕಾ ಅಂತ ಕೇಳಿಕೊಂಡು ಫಾರ್ಮ್ ತುಂಬಿ.