ಗಾಜಿನ ಕಪಾಟಿಗೆ ಮೊದಲು ಬಿಜಾಗರಿ, ಆಮೇಲೆ ಮರ

ಪುಸ್ತಕದ ಕಪಾಟನ್ನು ಮನೆಯಲ್ಲೇ ಮಾಡಿಕೊಳ್ಳುವವರು ಸಾಮಾನ್ಯವಾಗಿ ಪೆಟ್ಟಿಗೆ ಕೂಡಿಸಿ, ಬಾಗಿಲಿನ ಚೌಕಟ್ಟು ಕಟ್ಟಿ, ಗಾಜು ಕೊಯ್ಯಿಸಿ ತಂದಮೇಲೆ ಹಾರ್ಡ್‌ವೇರ್ ಅಂಗಡಿಗೆ ಹೋಗುತ್ತಾರೆ. ಅಷ್ಟರಲ್ಲಿ ತಡವಾಗಿರುತ್ತದೆ. ಚೌಕಟ್ಟಿನ ಪಟ್ಟಿ ಎಷ್ಟು ಅಗಲ ಇರಬೇಕು, ಬಾಗಿಲು ಪೆಟ್ಟಿಗೆಯ ಒಳಗೆ ಕೂರಬೇಕೋ ಮೇಲೆ ಮುಚ್ಚಿಕೊಳ್ಳಬೇಕೋ ಎನ್ನುವುದನ್ನು ತೀರ್ಮಾನಿಸುವುದು ಬಿಜಾಗರಿ, ಅಂದರೆ ಹಿಂಜ್. ಅದು ಕೈಯಲ್ಲಿರದೆ ಮರಕ್ಕೆ ಗರಗಸ ಹಚ್ಚಬೇಡಿ.

ಅತಿ ಹೆಚ್ಚು ಕಾಣುವ ತಪ್ಪು ಇದು. ಎರಡಿಂಚು ಅಗಲದ ಪಟ್ಟಿಯಲ್ಲಿ ಚೌಕಟ್ಟು ಮಾಡಿ, ಅದಕ್ಕೆ ಆಟೋ ಹಿಂಜ್ (ಬಾಗಿಲಿನ ಹಿಂಭಾಗದ ತೂತಿನಲ್ಲಿ ಬಟ್ಟಲು ಕೂರುವ ಸ್ಪ್ರಿಂಗ್ ಹಿಂಜ್) ಹಾಕಲು ಹೊರಡುವುದು. ಆಟೋ ಹಿಂಜ್‌ನ ಬಟ್ಟಲಿಗೆ 35 ಮಿ.ಮೀ. ತೂತು ಬೇಕು, ಅದು ಬಾಗಿಲಿನ ಅಂಚಿನಿಂದ ಸುಮಾರು 5 ಮಿ.ಮೀ. ಒಳಗಿರಬೇಕು. ಅಲ್ಲಿಗೆ 40 ಆಯಿತು. ಗಾಜು ಕೂರಲು ಪಟ್ಟಿಯ ಹಿಂಭಾಗದ ಒಳ ಅಂಚಿನಲ್ಲಿ ಮೆಟ್ಟಿಲಿನಂತೆ ತೆಗೆಯುವ ಕಚ್ಚು, ಅಂದರೆ ರಿಬೇಟ್, 10 ಮಿ.ಮೀ. ಎರಡಿಂಚಿನ ಪಟ್ಟಿ ಇರುವುದೇ 50 ಮಿ.ಮೀ. ತೂತಿಗೂ ರಿಬೇಟಿಗೂ ನಡುವೆ ಮರವೇ ಉಳಿಯುವುದಿಲ್ಲ. ಡ್ರಿಲ್ ಇಳಿಯುತ್ತಿದ್ದಂತೆ ಪಟ್ಟಿ ಒಡೆಯುತ್ತದೆ, ಇಲ್ಲವೇ ಬಟ್ಟಲು ಗಾಜಿನ ಅಂಚಿಗೆ ತಾಗಿ ಒಂದು ದಿನ ಗಾಜು ಬಿರುಕು ಬಿಡುತ್ತದೆ. ಆಟೋ ಹಿಂಜ್ ಬೇಕೆಂದರೆ ಪಟ್ಟಿ ಎರಡೂವರೆ ಇಂಚು ಇರಲಿ, 13 ಮಿ.ಮೀ. ಮರ ಉಳಿಯುತ್ತದೆ. ದಪ್ಪವನ್ನೂ ನೋಡಿಕೊಳ್ಳಿ. ಬಟ್ಟಲಿನ ಆಳ ಸುಮಾರು 12 ಮಿ.ಮೀ., ಜೊತೆಗೆ ಬಿಟ್‌ನ ನಡುವಿನ ಮೊನೆ ಇನ್ನೂ ಕೆಳಗಿಳಿಯುತ್ತದೆ. 18 ಮಿ.ಮೀ.ಗಿಂತ ತೆಳುವಾದ ಪಟ್ಟಿಯಲ್ಲಿ ಮೊನೆ ಮುಂಭಾಗಕ್ಕೆ ಬಂದುಬಿಡುವ ಅಪಾಯವಿದೆ.

ಆಟೋ ಹಿಂಜ್ ಕೇಳುವಾಗ ‘ಕ್ರ್ಯಾಂಕ್’, ಅಂದರೆ ಅದರ ತೋಳಿನ ಬಾಗು ಎಷ್ಟು ಎಂದು ಹೇಳಿ. ಬಾಗಿಲು ಪಕ್ಕದ ಹಲಗೆಯನ್ನು ಪೂರ್ತಿ ಮುಚ್ಚುವುದಾದರೆ ಜೀರೋ ಕ್ರ್ಯಾಂಕ್, ಎರಡು ಬಾಗಿಲು ಒಂದೇ ನಡುಹಲಗೆಯನ್ನು ಹಂಚಿಕೊಂಡರೆ 8 ಅಥವಾ 9, ಬಾಗಿಲು ಪೆಟ್ಟಿಗೆಯ ಒಳಗೆ ಕೂರುವುದಾದರೆ 16 ಅಥವಾ 17. ಏನೂ ಹೇಳದಿದ್ದರೆ ಅಂಗಡಿಯವರು ಜೀರೋ ಕೊಡುತ್ತಾರೆ. ಒಳಗೆ ಕೂರುವ ಬಾಗಿಲಿಗೆ ಅದು ಯಾವ ರೀತಿಯಲ್ಲೂ ಹೊಂದುವುದಿಲ್ಲ. ಬಾಗಿಲು ಬಡಿಯದೆ ನಿಧಾನವಾಗಿ ಮುಚ್ಚುವ ಸಾಫ್ಟ್ ಕ್ಲೋಸ್ ತೆಗೆದುಕೊಂಡರೆ ಇನ್ನೊಂದು ಮಾತು. ಹಗುರ ಬಾಗಿಲಿಗೆ ಮೂರು ಹಿಂಜ್ ಹಾಕಿದಾಗ ಮೂರರ ತಡೆಯೂ ಸೇರಿ ಬಾಗಿಲು ಕೊನೆಯ ಬೆರಳಗಲ ಮುಚ್ಚದೆ ನಿಂತುಬಿಡಬಹುದು. ಒಂದರ ಡ್ಯಾಂಪರ್ (ವೇಗ ತಡೆಯುವ ಭಾಗ) ಆಫ್ ಮಾಡಿದರೆ ಸರಿಹೋಗುತ್ತದೆ, ಆ ಗುಂಡಿ ಇರುವ ಮಾದರಿಯನ್ನೇ ಕೊಳ್ಳಿ.

ಆದರೂ ಮರದ ಚೌಕಟ್ಟಿನ ಪುಸ್ತಕದ ಕಪಾಟಿಗೆ ಹಿತ್ತಾಳೆಯ ಬಟ್ ಹಿಂಜೇ (ಎರಡು ಚಪ್ಪಟೆ ರೆಕ್ಕೆ, ನಡುವೆ ಒಂದು ಕಡ್ಡಿ ಇರುವ ಹಳೆಯ ಬಗೆ) ಚಂದ. ಪಟ್ಟಿ ಒಂದೂಮುಕ್ಕಾಲು ಇಂಚಿದ್ದರೂ ಸಾಕು, ಪುಸ್ತಕಗಳ ಬೆನ್ನು ಹೆಚ್ಚು ಕಾಣುತ್ತದೆ, ಒಳಗೆ ಸ್ಪ್ರಿಂಗ್ ಇಲ್ಲವಾದ್ದರಿಂದ ಕೆಡುವುದೂ ಕಡಿಮೆ. ಕೊಳ್ಳುವಾಗ ಜೇಬಿನಲ್ಲೊಂದು ಆಯಸ್ಕಾಂತವಿರಲಿ. ಹಿತ್ತಾಳೆ ಎಂದು ಮಾರುವುದರಲ್ಲಿ ಕಬ್ಬಿಣಕ್ಕೆ ಹಿತ್ತಾಳೆ ಲೇಪ ಕೊಟ್ಟದ್ದೂ ಇರುತ್ತದೆ. ಅಂಥದ್ದಕ್ಕೆ ಆಯಸ್ಕಾಂತ ಅಂಟುತ್ತದೆ. ರೆಕ್ಕೆಗೆ ಮಾತ್ರವಲ್ಲ, ನಡುವಿನ ಕಡ್ಡಿಗೂ ಹಿಡಿದು ನೋಡಿ. ರೆಕ್ಕೆ ಹಿತ್ತಾಳೆಯದಾಗಿ ಕಡ್ಡಿ ಕಬ್ಬಿಣದ್ದಾದರೆ ಮಂಗಳೂರು, ಕಾರವಾರದ ಉಪ್ಪುಗಾಳಿಗೆ ಅದು ತುಕ್ಕು ಹಿಡಿದು ಬಿಗಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ. 202 ಮತ್ತು 304 ಎಂಬ ಎರಡು ದರ್ಜೆಯ ಸ್ಟೀಲಿಗೂ ಆಯಸ್ಕಾಂತ ಅಷ್ಟಾಗಿ ಅಂಟದು, ಆದರೆ ಕರಾವಳಿಯಲ್ಲಿ ಬಾಳುವುದು 304. ಹಿಂಜನ್ನು ಅರ್ಧ ತೆರೆದು, ಒಂದು ರೆಕ್ಕೆ ಹಿಡಿದು ಇನ್ನೊಂದನ್ನು ಮೇಲೆ ಕೆಳಗೆ ಅಲುಗಿಸಿ. ಅಂಗಡಿಯಲ್ಲೇ ಲಟಪಟ ಎಂದರೆ ಕಪಾಟಿನಲ್ಲಿ ಬಾಗಿಲು ಜೋಲುವುದು ಖಂಡಿತ.

ಎಷ್ಟು ಬೇಕು? ಗಾಜಿನ ತೂಕ ಲೆಕ್ಕ ಹಾಕುವುದು ಸುಲಭ. ಒಂದು ಚದರ ಮೀಟರಿಗೆ, ಪ್ರತಿ ಮಿ.ಮೀ. ದಪ್ಪಕ್ಕೆ 2.5 ಕೆ.ಜಿ. 450 ಮಿ.ಮೀ. ಅಗಲ, 1050 ಮಿ.ಮೀ. ಎತ್ತರದ ಬಾಗಿಲಿಗೆ 4 ಮಿ.ಮೀ. ಗಾಜು ಮೂರೂವರೆ ಕೆ.ಜಿ. ಆಸುಪಾಸು, ಸಾಗುವಾನಿ ಚೌಕಟ್ಟು ಸೇರಿ ಆರು ಕೆ.ಜಿ. ಎರಡೂವರೆ ಇಂಚಿನ ಬಟ್ ಹಿಂಜ್ ಎರಡೇ ಇದನ್ನು ಹೊರುತ್ತವೆ. ಆದರೆ ಮೂರಡಿ ದಾಟಿದ ಬಾಗಿಲು ಮಳೆಗಾಲದಲ್ಲಿ ಬಾಗದಿರಲು ಮೂರನೆಯದು ಬೇಕು.

ರೆಕ್ಕೆ ಕೂರುವ ಕಚ್ಚಿನ ಆಳದಲ್ಲೇ ಕೆಲಸ ಕೆಡುವುದು. ಹಿಂಜ್ ಮುಚ್ಚಿ, ಎರಡೂ ರೆಕ್ಕೆ ಸಮಾಂತರವಾಗಿರುವಾಗ ಒಟ್ಟು ದಪ್ಪ ಅಳೆಯಿರಿ. 5 ಮಿ.ಮೀ. ಬಂತು, ನಿಮಗೆ ಬೇಕಾದ ಸಂದು 2 ಮಿ.ಮೀ. ಎಂದುಕೊಳ್ಳಿ. ಉಳಿದ 3ರಲ್ಲಿ ಬಾಗಿಲಿಗೆ ಒಂದೂವರೆ, ಪೆಟ್ಟಿಗೆಗೆ ಒಂದೂವರೆ. ಮಲೆನಾಡು, ಕರಾವಳಿಯಲ್ಲಿ ಬೇಸಿಗೆಯಲ್ಲಿ ಮಾಡುವ ಕಪಾಟಿಗೆ ಹಿಡಿ ಇರುವ ಕಡೆ ಪೂರ್ತಿ ಒಂದು ನೂಲು, ಅಂದರೆ 3 ಮಿ.ಮೀ. ಬಿಡಿ. ಆಷಾಢದಲ್ಲಿ ಮರ ಉಬ್ಬಿ ಅದನ್ನು ತುಂಬಿಕೊಳ್ಳುತ್ತದೆ. ಕಚ್ಚು ಆಳವಾಗಿಬಿಟ್ಟರೆ ಬಾಗಿಲು ಮುಚ್ಚುವಾಗ ಹಿಂಜ್ ಕಡೆ ಒತ್ತಿ, ಕೈ ಬಿಟ್ಟೊಡನೆ ಹಿಂದಕ್ಕೆ ಪುಟಿಯುತ್ತದೆ. ರೆಕ್ಕೆಯ ಅಡಿಗೆ ಹಳೆಯ ವಿಸಿಟಿಂಗ್ ಕಾರ್ಡಿನ ತುಂಡು ಕೊಟ್ಟರೆ ಸಾಕು. ಹಿಡಿಯ ಕಡೆ ಬಾಗಿಲು ಕೆಳಗೆ ಜೋತಿದ್ದರೂ ಇದೇ ಮದ್ದು. ಪೆಟ್ಟಿಗೆಯ ಕಡೆ ಕೆಳಗಿನ ಹಿಂಜಿಗೆ ಕಾರ್ಡು ಕೊಡಿ, ಮೂಲೆ ಮೇಲೇಳುತ್ತದೆ.

ಹಿತ್ತಾಳೆ ಸ್ಕ್ರೂ ಮೆತ್ತಗೆ. ನೇರವಾಗಿ ಸಾಗುವಾನಿಗೆ ತಿರುಗಿಸಿದರೆ ತಲೆ ಮುರಿದು ಕೈಗೆ ಬರುತ್ತದೆ. ಮೊದಲು ಸಣ್ಣ ತೂತು ಕೊರೆದು, ಅದೇ ಅಳತೆಯ ಸ್ಟೀಲ್ ಸ್ಕ್ರೂ ಹಾಕಿ ತೆಗೆದು, ಆಮೇಲೆ ಹಿತ್ತಾಳೆಯದಕ್ಕೆ ಮೇಣ ಸವರಿ ಕೈಯಿಂದಲೇ ಬಿಗಿ ಮಾಡಿ. ಸ್ಕ್ರೂ ತಲೆ ರೆಕ್ಕೆಯ ಮಟ್ಟಕ್ಕೆ ಕೂರಬೇಕು. ಉಬ್ಬಿ ನಿಂತರೆ ಬಾಗಿಲು ಅದರ ಮೇಲೆಯೇ ತಗುಲಿ ನಿಲ್ಲುತ್ತದೆ.

ಜೋಡಿ ಬಾಗಿಲಾದರೆ ಎಡಗಡೆಯದಕ್ಕೆ ಒಳಗಿನಿಂದ ಮೇಲೆ ಕೆಳಗೆ 3 ಇಂಚಿನ ಟವರ್ ಬೋಲ್ಟ್ (ಸರಿಸುವ ಚಿಲಕ), ಬಲಗಡೆಯದಕ್ಕೆ ಮ್ಯಾಗ್ನೆಟ್ ಕ್ಯಾಚರ್. ನಡುವಿನ ಸಂದಿಗೆ ಒಂದು ಬಾಗಿಲಿನ ಅಂಚಿಗೆ ತೆಳು ಮರದ ಪಟ್ಟಿ ಹೊಡೆಯಿರಿ, ದೂಳು ಬರುವುದು ಅಲ್ಲಿಂದಲೇ. ಬೀಗ ಹಾಕುವುದಾದರೆ ಅದರ ಒಡಲನ್ನೂ ಅಳೆಯಿರಿ. ಹಿಡಿಯ ಕಡೆಯ ಪಟ್ಟಿಯಲ್ಲೂ ರಿಬೇಟ್ ಇದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ.

ಚೌಕಟ್ಟೇ ಇಲ್ಲದ ಬರಿ ಗಾಜಿನ ಬಾಗಿಲಾದರೆ 5 ಮಿ.ಮೀ. ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ) ಗಾಜು ಬೇಕು. ತೂತು, ಅಂಚಿನ ಪಾಲಿಶ್ ಎಲ್ಲವನ್ನೂ ಟಫನ್ ಮಾಡುವ ಮೊದಲೇ ಮುಗಿಸಿರಬೇಕು, ಆಮೇಲೆ ಡ್ರಿಲ್ ತಾಗಿಸಿದರೆ ಇಡೀ ಗಾಜು ಚೂರಾಗುತ್ತದೆ. ಹಾಗಾಗಿ ಹಿಂಜ್, ನಾಬ್ ಎರಡನ್ನೂ ಗಾಜಿನವರ ಮುಂದಿಟ್ಟು ತೂತಿನ ಅಳತೆ ಕೊಡಿ. ಲೋಹ ಗಾಜಿಗೆ ನೇರ ತಾಗದಂತೆ ರಬ್ಬರ್ ಅಥವಾ ನೈಲಾನ್ ವಾಷರ್ ಇರಲೇಬೇಕು. ತೂತು ಬೇಡದ, ಮೇಲೂ ಕೆಳಗೂ ಗಾಜನ್ನು ಕಚ್ಚಿ ಹಿಡಿಯುವ ಪಿವಟ್ ಹಿಂಜ್ ಅಗ್ಗ, ಆದರೆ ದಿನ ಕಳೆದಂತೆ ಗಾಜು ಜಾರುತ್ತದೆ. ಒಂದಡಿ ಅಗಲಕ್ಕಿಂತ ದೊಡ್ಡ ಬಾಗಿಲಿಗೆ ಅದು ಬೇಡ.

ಯಾವುದನ್ನೇ ಕೊಂಡರೂ ಒಂದು ಹಿಂಜ್ ಹೆಚ್ಚಿಗೆ ತಂದು ಕಪಾಟಿನ ಒಳಗೇ ಇಟ್ಟಿರಿ. ಕೆಲವು ವರ್ಷದ ಮೇಲೆ ಅದೇ ಅಳತೆ ಎಂದು ತಂದದ್ದರಲ್ಲಿ ಸ್ಕ್ರೂ ತೂತುಗಳ ಜಾಗ ಬೇರೆಯೇ ಇರುತ್ತದೆ, ಹಳೆಯ ತೂತಿಗೆ ಅರ್ಧ ಬಿದ್ದು ಅರ್ಧ ಬೀಳದ ಸ್ಕ್ರೂ ಮರವನ್ನು ಹಿಡಿಯುವುದಿಲ್ಲ.