ಮನೇಲಿ ಬಿದ್ದೆ ಅಂತ ಬರೆಸಬೇಡಿ

ನಾನು ಪುಣೆಯಲ್ಲಿ ಕಾರ್ಮಿಕರ ಪರಿಹಾರದ ಕೇಸುಗಳನ್ನು ನಡೆಸುವ ವಕೀಲೆ. ನನ್ನ ಹತ್ತಿರ ಬರುವವರಲ್ಲಿ ಯಾದಗಿರಿ, ಕಲಬುರಗಿ ಕಡೆಯವರೇ ಜಾಸ್ತಿ. ಕಸದ ಗಾಡಿ, ಗಟಾರ, ರಸ್ತೆ ಅಗೆತ. ಕೆಲಸ ಸರ್ಕಾರದ್ದು, ಪಗಾರ ಕೊಡುವವನು ಗುತ್ತಿಗೆದಾರ.

ಹೋದ ಮಳೆಗಾಲದಲ್ಲಿ ಒಬ್ಬರು ಕಸದ ಗಾಡಿಯಿಂದ ಜಾರಿ ಬಿದ್ದು ಕಾಲು ಮುರಿದುಕೊಂಡರು. ಆಸ್ಪತ್ರೆ ಬಾಗಿಲಲ್ಲೇ ಮುಕಾದಮ, ಅಂದರೆ ಗುತ್ತಿಗೆದಾರನ ಮೇಸ್ತ್ರಿ, ಹೇಳಿಕೊಟ್ಟಿದ್ದ: ಮನೇಲಿ ಬಿದ್ದೆ ಅನ್ನು, ಖರ್ಚು ನಾವು ನೋಡ್ಕೋತೀವಿ. ಖರ್ಚು ನೋಡಿಕೊಂಡಿದ್ದು ಎರಡೇ ವಾರ. ಎಂಟು ತಿಂಗಳ ಮೇಲೆ ಅವರು ನನ್ನ ಮುಂದೆ ಕೂತು, "ಅಕ್ಕಾರ, ಅವ್ರು ಹೇಳಿದಂಗ ಹೇಳೀನ್ರಿ. ತಪ್ಪಾತೇನ್ರಿ?" ಅಂದರು.

ಅವರ ತಪ್ಪಲ್ಲ. ಆದರೆ ಡಾಕ್ಟರು ಕೇಸ್ ಪೇಪರಿನಲ್ಲಿ ಮೊದಲು ಬರೆಯುವ ಒಂದು ಸಾಲಿಗೆ ಮುಂದೆ ಬಹಳ ತೂಕವಿರುತ್ತದೆ. ಎಲ್ಲಿ ಬಿದ್ದೆ, ಎಷ್ಟು ಗಂಟೆಗೆ, ಯಾವ ಕೆಲಸ ಮಾಡುವಾಗ: ಇದ್ದದ್ದನ್ನು ಇದ್ದ ಹಾಗೆ ಹೇಳಿ. ಕನ್ನಡದಲ್ಲೇ ಹೇಳಿ, ಜೊತೆಗಾರರೊಬ್ಬರು ಮರಾಠಿಗೆ ತಿರುಗಿಸಲಿ. ಬರೆದಿದ್ದನ್ನು ಓದಿಸಿಕೊಂಡು ಫೋಟೋ ತೆಗೆದಿಟ್ಟುಕೊಳ್ಳಿ. ಅವತ್ತಿನ ಹಾಜರಿ ಪುಸ್ತಕದ ಫೋಟೋ ಕೂಡ ಬೇಕು.

ಇನ್ನು ಕೆಲಸ ಕೊಟ್ಟ ಸರ್ಕಾರಿ ಕಚೇರಿಯವರ ಮಾತು. "ಗುತ್ತಿಗೆದಾರನನ್ನು ಕೇಳಿ" ಅಂತ ಸಾಹೇಬರು ಕೈ ತೊಳೆದುಕೊಳ್ಳುತ್ತಾರೆ. ಇದು ನನಗೆ ನಿಜವಾಗಿ ಸಿಟ್ಟು ತರಿಸುತ್ತದೆ. ಕೆಲಸ ಕೊಟ್ಟ ಸಂಸ್ಥೆಯಿಂದಲೇ ಪರಿಹಾರ ಕೇಳಬಹುದು ಅಂತ 1923ರ ಕಾರ್ಮಿಕರ ಪರಿಹಾರ ಕಾಯ್ದೆಯೇ ಹೇಳಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಹಾಗೇ ಉಳಿದಿದೆ. ಸಂಸ್ಥೆ ಮೊದಲು ಕೊಡಲಿ, ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಲಿ. ಸಾವು ಅಥವಾ ದೊಡ್ಡ ಗಾಯವಾದರೆ ಮಾಲೀಕರ ಕಡೆಯವರು ಏಳು ದಿನದೊಳಗೆ ವರದಿ ಕಳಿಸಬೇಕು. ಕೊಡಬೇಕಾದ ಹಣ ಒಂದು ತಿಂಗಳು ದಾಟಿದರೆ ವರ್ಷಕ್ಕೆ 12% ಬಡ್ಡಿ. ಗಟಾರದಲ್ಲಿ ಇಳಿದು ಸತ್ತವರ ಮನೆಯವರಿಗೆ 30 ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಅಲ್ಲಿ ಮನುಷ್ಯರನ್ನು ಇಳಿಸಲೇಬಾರದು, ಅದು ಬೇರೆ ಮಾತು.

ಇಎಸ್‌ಐ (ಸರ್ಕಾರದ ಕಾರ್ಮಿಕ ವಿಮೆ) ಇರುವವರಿಗೆ ಪರಿಹಾರ ಇಎಸ್‌ಐನಿಂದಲೇ ಬರುತ್ತದೆ. ಆದರೆ ಅಲ್ಲೂ ಮಾಲೀಕ ಅಪಘಾತದ ವರದಿ ಕೊಡಬೇಕು.

ಸಣ್ಣ ಗಾಯವನ್ನು ಸುಮ್ನೆ ಬಿಡುತ್ತಾರೆ, ಅಲ್ವಾ? ಮೂರು ದಿನಕ್ಕಿಂತ ಜಾಸ್ತಿ ಕೆಲಸ ತಪ್ಪಿದರೆ ಅದಕ್ಕೂ ಪರಿಹಾರ ಕೇಳಬಹುದು.

ಕಾಲು ಮುರಿದವರ ಕೇಸಿನಲ್ಲಿ ಗಾಡಿ ಡ್ರೈವರ್ ಸಾಕ್ಷಿ ಹೇಳಲು ಒಪ್ಪಿದ್ದಾರೆ. ಅವತ್ತಿನ ಹಾಜರಿಯೂ ಸಿಕ್ಕಿದೆ. ಅರ್ಜಿ ಹಾಕಲು ಎರಡು ವರ್ಷದ ಗಡುವು ಇದೆ. ನಾವು ಮುಂದಿನ ವಾರವೇ ಹಾಕುತ್ತಿದ್ದೇವೆ.