ದುಬೈಗೆ ಹೋಗಲು ಎರಡೇ ಗಂಟೆ, ಬರಲು ಐದು ಗಂಟೆಯೇ?

ಪ್ರಶ್ನೆ: ಮಗ ದುಬೈಯಲ್ಲಿದ್ದಾನೆ. ಕಣ್ಣೂರಿನಿಂದ ಹೋಗುವಾಗ ಟಿಕೆಟ್‌ನಲ್ಲಿ ಬೆಳಿಗ್ಗೆ 10ಕ್ಕೆ ಹೊರಟು 12ಕ್ಕೆ ತಲುಪುತ್ತದೆ ಎಂದಿತ್ತು. ಬರುವಾಗ ರಾತ್ರಿ 10ಕ್ಕೆ ಬಿಟ್ಟು ಬೆಳಗಿನ ಜಾವ 2.45ಕ್ಕೆ. ಭೂಮಿ ತಿರುಗುವುದರಿಂದ ಹೀಗಾಗುತ್ತದಂತೆ, ಹೌದೇ?
– ಓದುಗರೊಬ್ಬರು, ವಿರಾಜಪೇಟೆ

ಅಲ್ಲ. ಮಟ್ಟನ್ನೂರಿನಲ್ಲಿರುವ ಕಣ್ಣೂರು ವಿಮಾನ ನಿಲ್ದಾಣದಿಂದ ದುಬೈಗೆ ನೇರ ದೂರ ಸುಮಾರು 2,600 ಕಿ.ಮೀ. ಹೋಗಲು ಮೂರೂವರೆ ಗಂಟೆಯ ಆಸುಪಾಸು, ಬರಲು ಸಾಮಾನ್ಯವಾಗಿ ತುಸು ಕಡಿಮೆ. ಟಿಕೆಟ್‌ನಲ್ಲಿ ಹಾಕುವುದು ಆಯಾ ಊರಿನ ಸಮಯ. ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿನ 12 ಎಂದರೆ ನಮ್ಮ 1.30, ಅಲ್ಲಿಗೆ ಮೂರೂವರೆ ಗಂಟೆ ಸರಿಹೋಯಿತು. ಅಲ್ಲಿನ ರಾತ್ರಿ 10 ನಮಗೆ 11.30, ಇಳಿಯುವುದು 2.45ಕ್ಕೆ, ಅಂದರೆ ಮೂರೂಕಾಲು ಗಂಟೆ.

ಇಷ್ಟನ್ನು ಎಷ್ಟು ಸಲ ಬರೆದರೂ ಭೂಮಿ ತಿರುಗುವ ಮಾತು ಮಾತ್ರ ನಿಲ್ಲುತ್ತಿಲ್ಲ. ವಿಮಾನ ಮೇಲೇರಿದ ಮೇಲೆ ಭೂಮಿ ಅದರ ಅಡಿಯಲ್ಲಿ ಸರಿಯುತ್ತದೆ ಎಂದು ಓದಿಕೊಂಡವರೂ ನಂಬಿದ್ದಾರೆ. ಈ ಸಲ ಲೆಕ್ಕ ಹಾಕಿಯೇ ನೋಡೋಣ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ. ನಮ್ಮ ಅಕ್ಷಾಂಶದಲ್ಲಿ ಆ ವೇಗ ಗಂಟೆಗೆ ಸುಮಾರು 1,630 ಕಿ.ಮೀ. ವಿಮಾನದ್ದು ಹೆಚ್ಚೂಕಡಿಮೆ 850. ನೆಲ ಅಡಿಯಲ್ಲಿ ಸರಿಯುವುದೇ ನಿಜವಾದರೆ, ಹೋಗುವಾಗ ದುಬೈಯೇ ಎದುರಿಗೆ ಓಡಿಬಂದು ಒಂದು ಗಂಟೆಗೆಲ್ಲ ಪ್ರಯಾಣ ಮುಗಿಯಬೇಕು. ಬರುವಾಗಲೋ, 1,630ರ ವೇಗದಲ್ಲಿ ಮುಂದೆ ಓಡುವ ಕಣ್ಣೂರನ್ನು 850ರ ವೇಗದಲ್ಲಿ ಬೆನ್ನಟ್ಟಬೇಕು. ಮಗ ಪುತ್ತರಿ ಹಬ್ಬಕ್ಕಲ್ಲ, ಯಾವತ್ತಿಗೂ ಮನೆ ಸೇರುವುದಿಲ್ಲ!

ಹಾಗಾಗುವುದಿಲ್ಲ, ಏಕೆಂದರೆ ಗಾಳಿಯೂ ಭೂಮಿಯ ಜೊತೆಗೇ ತಿರುಗುತ್ತದೆ. ಮುಂಜಾನೆ ಮಾಂದಲ್‌ಪಟ್ಟಿ ಬೆಟ್ಟಕ್ಕೆ ಹೋದವರು ನೋಡಿರುತ್ತೀರಿ: ಕೆಳಗಿನ ಕಣಿವೆಯಲ್ಲಿ ಮಂಜು ಕದಲದೆ ಕೂತಿರುತ್ತದೆ. ಗಾಳಿ ಹಿಂದೆ ಉಳಿದು ನೆಲವಷ್ಟೇ ತಿರುಗುವಂತಿದ್ದರೆ ಹಗಲಿರುಳೂ 1,600 ಕಿ.ಮೀ. ವೇಗದ ಗಾಳಿ ಬೀಸಬೇಕಿತ್ತು. ತೋಟದಲ್ಲಿ ಒಂದೇ ಒಂದು ಸಿಲ್ವರ್ ಓಕ್ ನಿಂತಿರುತ್ತಿರಲಿಲ್ಲ.

ಉಳಿದ ಹತ್ತು ಹದಿನೈದು ನಿಮಿಷದ ವ್ಯತ್ಯಾಸ ಮೇಲಿನ ಗಾಳಿಯದು. ಚಳಿಗಾಲದಲ್ಲಿ ಆ ಎತ್ತರದಲ್ಲಿ ಪಶ್ಚಿಮದ ಗಾಳಿ ಜೋರು, ಬರುವ ವಿಮಾನಕ್ಕೆ ಬೆನ್ನಿಗೆ ಬೀಳುತ್ತದೆ. ಮಳೆಗಾಲದಲ್ಲಿ ದಕ್ಷಿಣ ಭಾರತದ ಮೇಲೆ ಇದು ತಿರುವುಮುರುವು. ಕೆಳಗೆ ಮುಂಗಾರು ಪಶ್ಚಿಮದಿಂದ ಬೀಸುತ್ತಿದ್ದರೂ ಬಹಳ ಮೇಲೆ ಪೂರ್ವದಿಂದ ರಭಸದ ಗಾಳಿ ಹರಿಯುತ್ತದೆ. ಇದನ್ನು 1950ರ ದಶಕದಲ್ಲಿ ವಿವರಿಸಿದವರು ನಮ್ಮ ದೇಶದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ ಎಂಬುದನ್ನು ಮಕ್ಕಳಿಗೂ ಹೇಳಿ. ಇಂಥ ಗಾಳಿಗಳ ದಿಕ್ಕನ್ನು ರೂಪಿಸುವುದರಲ್ಲಿ ಭೂಮಿಯ ತಿರುಗುವಿಕೆಗೂ ಪಾತ್ರವಿದೆ, ನಿಜ. ಆದರೆ ಅದಕ್ಕೂ ವಿಮಾನದಡಿ ನೆಲ ಸರಿಯುವ ಕಥೆಗೂ ಸಂಬಂಧವಿಲ್ಲ.

ನೀವು ಕೇಳಿಲ್ಲ, ಆದರೂ ಹೇಳಬೇಕು. ಆಕಾಶದ ಹದಿನೈದು ನಿಮಿಷಕ್ಕಿಂತ ನಮಗೆ ಮುಖ್ಯವಾದದ್ದು ಇಲ್ಲಿಂದ ಕೇರಳಕ್ಕೆ ಇಳಿಯುವ ಮಾಕುಟ್ಟದ ರಸ್ತೆ. 2018ರ ಡಿಸೆಂಬರ್‌ನಲ್ಲಿ ಕಣ್ಣೂರು ನಿಲ್ದಾಣ ಶುರುವಾದ ಮೇಲೆ ವಿರಾಜಪೇಟೆಯವರಿಗೆ ವಿಮಾನ ಸುಮಾರು 60 ಕಿ.ಮೀ. ದೂರಕ್ಕೆ ಬಂತು. ಆದರೆ ಪೆರುಂಬಾಡಿ ದಾಟಿ ಘಾಟಿ ಇಳಿದು ಇರಿಟ್ಟಿ ಮೇಲೆ ಹೋಗಲು ಎರಡು ಗಂಟೆ ಇಟ್ಟುಕೊಳ್ಳಬೇಕು. ವಿದೇಶಕ್ಕೆ ಹೋಗುವವರು ಮೂರು ಗಂಟೆ ಮೊದಲೇ ಅಲ್ಲಿರಬೇಕು. ಹತ್ತರ ವಿಮಾನಕ್ಕೆ ಬೆಳಿಗ್ಗೆ ಐದಕ್ಕೇ ಮನೆ ಬಿಡಿ, ಮಳೆಗಾಲದಲ್ಲಿ ನಾಲ್ಕಕ್ಕೆ. ಕರೆತರಲು ಹೋಗುವವರು ತಾರೀಖನ್ನೂ ನೋಡಿಕೊಳ್ಳಿ: 14ರ ರಾತ್ರಿ 10ಕ್ಕೆ ದುಬೈ ಬಿಟ್ಟವನು ಮಟ್ಟನ್ನೂರಿನಲ್ಲಿ ಇಳಿಯುವುದು 15ರಂದು.